‘ಕ್ಷಮಿಸುವಂತೆ’ ಎಂಬ ಸಾಲು ಬಂದಾಗ ನನ್ನ ಬಾಯಿ ಕಟ್ಟುತ್ತದೆ

ಬೈತಖೋಲ ಮೆಕ್ಯಾನಿಕ್ ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ, ವಯಸ್ಸು 47. ಬೈತಖೋಲ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವುದು ನನ್ನ ಕೆಲಸ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಹಾಗಾಗಿ ಲೆಕ್ಕ ಮತ್ತು ಜಗಳ ಎರಡೂ ಕನ್ನಡದಲ್ಲಿ ನಡೆಯುತ್ತವೆ, ಪ್ರಾರ್ಥನೆ ಮಾತ್ರ ಕೊಂಕಣಿಯಲ್ಲಿ. ಇದನ್ನು ಕನ್ನಡದಲ್ಲಿ ಬರೆಯಲು ಕೂತಿರುವುದೂ ಅದಕ್ಕೇ ಇರಬೇಕು; ಕೊಂಕಣಿಯಲ್ಲಿ ಬರೆದರೆ ಅಪ್ಪ ಹೆಗಲ ಮೇಲಿಂದ ಇಣುಕಿ ಓದಿದಂತೆ ಅನ್ನಿಸುತ್ತದೆ.

ಪ್ರಶ್ನೆಯನ್ನು ಮೊದಲೇ ಹೇಳಿಬಿಡುತ್ತೇನೆ. ಒಂಬತ್ತು ತಿಂಗಳಿಂದ, ಯೇಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರದ ಒಂದು ಸಾಲನ್ನು ನಾನು ಹೇಳುತ್ತಿಲ್ಲ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಎನ್ನುವಲ್ಲಿಗೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತದೆ. ಇಗರ್ಜಿಯಲ್ಲಿ ನೂರಾರು ದನಿಗಳ ನಡುವೆ ಯಾರಿಗೂ ತಿಳಿಯುವುದಿಲ್ಲ. ಮನೆಯಲ್ಲಿ ಸಂಜೆ ಮಣಿ ಎಣಿಸುತ್ತಾ ಹೇಳುವ ಜಪಸರಕ್ಕೆ ಕೂತಾಗ ತಿಳಿಯುತ್ತದೆ. ಹೆಂಡತಿ ನೋಡಿಯೂ ನೋಡದಂತೆ ಇರುತ್ತಾಳೆ. ಹತ್ತನೇ ತರಗತಿಯ ಮಗಳು ಮಾತ್ರ ಆ ಸಾಲಿಗೆ ಬಂದಾಗ ಕಣ್ಣು ತೆರೆದು ನನ್ನನ್ನು ನೋಡುತ್ತಾಳೆ.

ಅಪ್ಪನಿಗೆ ಈಗ 78. ಹೋದ ವರ್ಷ ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಒಂದು ವಾರ ಇರುವಾಗ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಅಮ್ಮ ತೀರಿಕೊಂಡು ಬಹಳ ವರ್ಷಗಳಾದವು. ತಂಗಿ ಮಡಗಾಂವಿನಲ್ಲಿದ್ದಾಳೆ, ಎರಡು ವಾರಕ್ಕೊಮ್ಮೆ ಬಂದು ಅತ್ತು ಹೋಗುತ್ತಾಳೆ. ಉಳಿದದ್ದು ನನ್ನದು.

ಹೊರಗಿನವರಿಗೆ ನಮ್ಮ ಅಪ್ಪ ಯಾರು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ಹಿತ್ತಾಳೆಯ ಊದುವ ವಾದ್ಯ ನುಡಿಸುತ್ತಿದ್ದರು. ಇಲ್ಲಿಂದ ಭಟ್ಕಳದವರೆಗೆ ಯಾವ ಇಗರ್ಜಿಯ ಹಬ್ಬವಾಗಲಿ, ಮೆರವಣಿಗೆಯ ಮುಂದೆ ಅವರಿರುತ್ತಿದ್ದರು. ಡಿಸೆಂಬರ್ 3ರಂದು ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಎಲ್ಲ ಜಾತಿ ಮತದವರೂ ಬರುತ್ತಾರಲ್ಲ, ಅಲ್ಲಿ ಅವರ ಕಾರ್ನೆಟ್ ಕೇಳಿದವರು ಇವತ್ತಿಗೂ ಅಂಗಡಿಗೆ ಬಂದು, ‘ನೀನು ಅವರ ಮಗನೇ? ಪುಣ್ಯವಂತ’ ಎನ್ನುತ್ತಾರೆ. ಸಾವಿನ ಮನೆಯಲ್ಲಿ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಕಾಯಿಲೆ ನೋಡಲು ಬಂದವರೆಲ್ಲ ಮಂಚದ ಪಕ್ಕ ಕೂತು ದೇವರಂಥ ಮನುಷ್ಯ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಚಹಾ ತಂದು ಕೊಡುತ್ತೇನೆ.

ಕಾರ್ನೆಟ್ಟಿಗೆ ಪ್ರತಿ ಶನಿವಾರ ಬ್ರಾಸೋ ಹಚ್ಚಿ ಉಜ್ಜುವುದು ನನ್ನ ಕೆಲಸವಾಗಿತ್ತು. ಚಂದಾವರದ ಹಬ್ಬದ ಹಿಂದಿನ ದಿನ, ನನಗಾಗ ಹನ್ನೊಂದು ವರ್ಷ, ಬಾಯಿಗೆ ಇಡುವ ತುಂಡನ್ನು ತೊಳೆಯುವಾಗ ಕೈ ಜಾರಿ ಬಾವಿಗೆ ಬಿತ್ತು. ಟಪ್ ಎಂದು ಸಣ್ಣ ಸದ್ದು. ಮೊದಲು ಬೆಲ್ಟಿನ ಏಟು. ಬ್ಯಾಂಡ್ ಸಮವಸ್ತ್ರದ, ಹಿತ್ತಾಳೆ ಬಕ್ಕಲಿನ ಬೆಲ್ಟು. ಅದೇನೂ ಹೊಸದಲ್ಲ, ವಾರಕ್ಕೊಮ್ಮೆ ಇದ್ದೇ ಇತ್ತು. ಕೊನೆಯಲ್ಲಿ ಎಡಗಿವಿಯ ಮೇಲೆ ಬಿದ್ದ ಒಂದು ಹೊಡೆತ ಮಾತ್ರ ಹೊಸದು. ಕಿವಿಯೊಳಗೆ ಬಿಸಿ ನೀರು ಹುಯ್ದಂತಾಯಿತು, ಆಮೇಲೆ ಸುಮ್ಮನಾಯಿತು. ಆ ಕಿವಿ ಇವತ್ತಿಗೂ ಸುಮ್ಮನೆ ಇದೆ. ಮರುದಿನ ಎರವಲು ತಂದ ತುಂಡಿನಲ್ಲಿ ಅಪ್ಪ ನುಡಿಸಿದರು. ಹತ್ತಿ ತುರುಕಿಕೊಂಡ ಕಿವಿಯೊಂದಿಗೆ ನಾನು ಮೆರವಣಿಗೆಯಲ್ಲಿ ಮೇಣದ ಬತ್ತಿ ಹಿಡಿದು ನಡೆದೆ. ಬಹಳ ಚೆನ್ನಾಗಿ ನುಡಿಸಿದರು. ಅದನ್ನೂ ಹೇಳಬೇಕು.

ಎಂಜಿನ್ನಿನ ಒಳಗಿನ ಸದ್ದು ಕೇಳಲು ನಾವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಯ ಎಲುಬಿಗೆ ಇಟ್ಟುಕೊಳ್ಳುತ್ತೇವೆ. ಬೇರಿಂಗ್ ಹೋಗಿದೆಯೋ ವಾಲ್ವ್ ಬಡಿಯುತ್ತಿದೆಯೋ ತಿಳಿಯುತ್ತದೆ. ಮೂವತ್ತು ವರ್ಷಗಳಿಂದ ಬಲಗಿವಿಯೊಂದರಲ್ಲೇ ಈ ಕೆಲಸ ನಡೆದಿದೆ. ಎಡಗಡೆಯಿಂದ ಕರೆದವರಿಗೆ ಉತ್ತರ ಕೊಡದ ಕಾರಣ ಬಂದರಿನಲ್ಲಿ ನನಗೆ ಸೊಕ್ಕಿನವನೆಂದು ಹೆಸರಿದೆ.

ಈಗ ಆ ಬಲಗೈ. ಅದು ಮುಷ್ಟಿ ಕಟ್ಟಿಕೊಂಡುಬಿಟ್ಟಿದೆ. ದಿನವೂ ಬಿಡಿಸಿ ತೊಳೆಯದಿದ್ದರೆ ಉಗುರು ಅಂಗೈಗೆ ಇಳಿಯುತ್ತದೆ, ಬೆವರು ಕೂತು ಕೊಳೆತ ವಾಸನೆ ಬರುತ್ತದೆ. ಬೆರಳುಗಳನ್ನು ನೇರವಾಗಿ ಎಳೆಯಬಾರದು ಎಂದು ಫಿಸಿಯೊಥೆರಪಿಯವರು ತೋರಿಸಿಕೊಟ್ಟಿದ್ದಾರೆ. ಮೊದಲು ಮಣಿಕಟ್ಟನ್ನು ಒಳಕ್ಕೆ ಬಾಗಿಸಬೇಕು, ಆಗ ಬೆರಳುಗಳು ತಾವಾಗಿಯೇ ಸಡಿಲಗೊಳ್ಳುತ್ತವೆ. ಆಮೇಲೆ ಒಂದೊಂದಾಗಿ ಬಿಡಿಸಬೇಕು. ಬೆಳಿಗ್ಗೆ ಐದೂವರೆಗೆ ಬೋಗುಣಿಯಲ್ಲಿ ಬಿಸಿನೀರು ತಂದು ಇದನ್ನು ಮಾಡುತ್ತೇನೆ. ಒಳಗಿನ ಚರ್ಮ ಮಗುವಿನ ಚರ್ಮದಂತೆ ಬಿಳಿಚಿಕೊಂಡಿದೆ. ತೊಳೆದು, ಒರೆಸಿ, ಸುತ್ತಿದ ಬಟ್ಟೆಯೊಂದನ್ನು ಹಿಡಿಸುತ್ತೇನೆ. ಕೆಲವು ದಿನ ಏನೂ ಅನ್ನಿಸುವುದಿಲ್ಲ, ಗ್ಯಾಸ್ಕೆಟ್ ಬದಲಿಸಿದಂತೆ ಕೆಲಸ ಮುಗಿಯುತ್ತದೆ. ಕೆಲವು ದಿನ ಆ ಬೆರಳುಗಳನ್ನು ಹಿಂದಕ್ಕೆ ಮುರಿಯುವಷ್ಟು ಸಿಟ್ಟು ಬರುತ್ತದೆ. ಎದ್ದು ಅಂಗಳಕ್ಕೆ ಹೋಗಿ ನಿಂತು ಬರುತ್ತೇನೆ. ಇದುವರೆಗೆ ಕೈ ಜೋರು ಮಾಡಿಲ್ಲ.

ಇನ್ನು ನನಗೆ ಬಿಡಿಸಲಾಗದ ಗಂಟು. ಅಪ್ಪನಿಗೆ ನೀರು ಬೇಕು ಎನ್ನಲು ಬರುವುದಿಲ್ಲ, ನನ್ನ ಹೆಸರು ಹೇಳಲು ಬರುವುದಿಲ್ಲ. ‘ತ, ತ, ತ’ ಎನ್ನುತ್ತಾರೆ ಅಷ್ಟೇ. ಆದರೆ ಜಪಸರ ಶುರುವಾದರೆ ಕೊಂಕಣಿಯ ಪರಲೋಕ ಮಂತ್ರ ‘ಆಮ್ಚ್ಯಾ ಬಾಪಾ’ ಮೊದಲಿನಿಂದ ಕೊನೆಯವರೆಗೆ, ಮರಿಯಮ್ಮನ ಜಪ ‘ನಮಾನ್ ಮೊರಿಯೆ’ ಐವತ್ತು ಸಲ, ಒಂದಕ್ಷರ ತಪ್ಪದೆ ಹೇಳುತ್ತಾರೆ. ನಾನು ಬಾಯಿ ಮುಚ್ಚುವ ಸಾಲನ್ನು ಅವರು ಸ್ಪಷ್ಟವಾಗಿ ಹೇಳುತ್ತಾರೆ. ನಾನು ಯಾವಾಗಲೂ ಬಲಗಿವಿ ಅವರ ಕಡೆ ಬರುವಂತೆ ಕೂರುವುದು, ಆದ್ದರಿಂದ ಪೂರ್ತಿ ಕೇಳಿಸುತ್ತದೆ. ಅವರು ಕೇಳುತ್ತಿದ್ದಾರೆಯೇ? ಅಥವಾ ನಾಲಿಗೆ ತಾನಾಗಿ ಓಡುತ್ತಿದೆಯೇ?

ಈ ಸಲ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಹೆಂಡತಿಯ ಒತ್ತಾಯಕ್ಕೆ ಒಂದು ಧ್ಯಾನಕೂಟಕ್ಕೆ ಹೋಗಿದ್ದೆ. ಎಲ್ಲಿ, ಯಾರದ್ದು ಎಂದು ಬರೆಯುವುದಿಲ್ಲ. ‘ನಿಜವಾಗಿ ಕ್ಷಮಿಸಿದವನಿಗೆ ಕಣ್ಣೀರು ಬರುತ್ತದೆ, ಬರದವರು ಕೈ ಎತ್ತಿ’ ಎಂದರು. ಎತ್ತಿದೆ. ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಬರಲಿಲ್ಲ. ಆಮೇಲೆ ಪಕ್ಕಕ್ಕೆ ಕರೆದು, ನನ್ನ ಮನಸ್ಸು ಕಲ್ಲಾಗಿರುವುದರಿಂದಲೇ ಅಪ್ಪ ಗುಣವಾಗುತ್ತಿಲ್ಲ ಎಂದರು. ನಾಲ್ಕು ತಿಂಗಳಾಯಿತು, ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿದೆ.

ನಂಬಿಕೆ ಬೆಳೆದವನಿಗೆ ಸಿಟ್ಟು ಇರಬಾರದೇ? ಹೇಳಲಾಗದ ಸಾಲನ್ನು ಸುಳ್ಳಾಗಿಯಾದರೂ ಹೇಳಬೇಕೇ, ಬಿಡಬೇಕೇ? ಈಗ ಮೀನುಗಾರಿಕೆ ನಿಷೇಧದ ಕಾಲ. ಊರಿಗೆ ರಜೆಯಾಗಿರುವ ಈ 61 ದಿನ ಎಲ್ಲ ಎಂಜಿನ್‌ಗಳೂ ನಮ್ಮ ಶೆಡ್ಡಿನಲ್ಲಿ ಬಿಚ್ಚಿಕೊಂಡು ಬಿದ್ದಿರುತ್ತವೆ. ಉತ್ತರ ತಡವಾದರೆ ಬೇಸರ ಬೇಡ.

ಹೊನ್ನಾವರ ನರ್ಸಮ್ಮ:

ತಮ್ಮಾ, ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದು ನಿವೃತ್ತಳಾದವಳು ನಾನು. ದೇವರ ವಿಷಯ ಬೇರೆಯವರು ಹೇಳಲಿ, ನಾನು ನಾಲಿಗೆಯ ವಿಷಯ ಹೇಳುತ್ತೇನೆ.

ಬಲಗಡೆ ಹೋಗಿ ಮಾತೂ ಹೋಗಿದೆ ಎಂದರೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಹೊಸದಾಗಿ ವಾಕ್ಯ ಕಟ್ಟುವುದು ಆಗುವುದಿಲ್ಲ. ಆದರೆ ಬಾಯಿಪಾಠವಾಗಿ ಮೈಗೆ ಹತ್ತಿದ್ದು ಎಷ್ಟೋ ಜನರಲ್ಲಿ ಉಳಿದಿರುತ್ತದೆ. ಒಂದರಿಂದ ಹತ್ತು ಎಣಿಸುವುದು, ವಾರದ ಹೆಸರುಗಳು, ಹಾಡು, ಪ್ರಾರ್ಥನೆ. ಬೈಗುಳವೂ ಉಳಿಯುತ್ತದೆ, ಅದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ನಮ್ಮ ವಾರ್ಡಿನಲ್ಲಿ ಒಬ್ಬ ಭಟ್ಟರಿದ್ದರು. ಹೆಂಡತಿಯ ಹೆಸರು ಬರುತ್ತಿರಲಿಲ್ಲ, ಸಂಧ್ಯಾವಂದನೆಯ ಮಂತ್ರ ಹರಿದು ಬರುತ್ತಿತ್ತು. ಆದ್ದರಿಂದ ಅಪ್ಪ ಆ ಸಾಲು ಹೇಳಿದರೆಂದು ಅದನ್ನು ನಿನ್ನಲ್ಲಿ ಕೇಳಿದ ಕ್ಷಮೆ ಎಂದು ಹಿಡಿಯಬೇಡ. ಅರ್ಥವಿಲ್ಲದ್ದು ಎಂದು ತಳ್ಳಿಯೂ ಬಿಡಬೇಡ.

ಆಡಲು ಬಾರದವರಿಗೆ ಕೇಳಿದ್ದು ತಿಳಿಯುವುದಿಲ್ಲ ಎಂದೇನೂ ಇಲ್ಲ. ಪರೀಕ್ಷಿಸಿ ನೋಡು. ‘ಪಾಯ್ (ಅಪ್ಪ), ನೀನು ಹೆಂಗಸೇ?’ ಎಂದು ಕೇಳು. ‘ಇದು ದೋಣಿಯೇ?’ ಎಂದು ತಟ್ಟೆ ತೋರಿಸು. ತಲೆ ಆಡಿಸುವುದನ್ನು ನೋಡು, ನಗುತ್ತಾರೆಯೇ ನೋಡು. ಹೌದು ಮತ್ತು ಅಲ್ಲ ಸರಿಯಾಗಿ ಬಂದರೆ, ನೀವೆಲ್ಲ ಅವರ ಮುಂದೆ ಆಡಿದ ಮಾತೂ ಅವರಿಗೆ ಬಹಳಷ್ಟು ತಿಳಿದಿರಬಹುದು.

ಇನ್ನೊಂದು. ಮುಷ್ಟಿ ಬಿಗಿಯಾಗುವುದು ನರದ ಬಿಗಿತದಿಂದ. ನಿನ್ನ ಮನಸ್ಸು ಕಲ್ಲಾದ್ದರಿಂದ ಅಲ್ಲ. ಹಾಗೆಂದವರು ನನ್ನ ಕೈಗೆ ಸಿಕ್ಕರೆ ಹೇಳುತ್ತಿದ್ದೆ. ಬೆಳಿಗ್ಗೆ ಐದೂವರೆಗೆ ಎದ್ದು ರಾತ್ರಿಯವರೆಗೆ ದುಡಿಯುವವನಿಗೆ ಸಿಟ್ಟು ಬಂದರೆ ಅದರಲ್ಲಿ ಅರ್ಧ ನಿದ್ದೆಯದ್ದು. ಬೆರಳು ಮುರಿಯಬೇಕು ಅನ್ನಿಸಿದಾಗ ಎದ್ದು ಹೋಗುತ್ತೀಯಲ್ಲ, ಅದು ಸರಿ, ಹಾಗೆಯೇ ಮಾಡು. ತೀರಾ ಕಷ್ಟವಾದ ರಾತ್ರಿ 14416ಕ್ಕೆ ಕರೆ ಮಾಡು. ಟೆಲಿ ಮಾನಸ್, ಸರ್ಕಾರದ್ದು, 2022ರಿಂದ ಇದೆ. ದುಡ್ಡಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ.

ಸಾಕ್ಷಿಯ ದನಿ:

ಸಹೋದರರೇ, ಇದು ಪೂರ್ವಿಕರ ಶಾಪ. ನಿಮ್ಮ ತಂದೆಯನ್ನು ಅವರ ತಂದೆಯೂ ಹೊಡೆದಿರಬೇಕು, ವಿಚಾರಿಸಿ ನೋಡಿ. ನಾಲ್ಕು ತಲೆಮಾರುಗಳ ಹೆಸರು ಬರೆದು ಪ್ರಾರ್ಥನೆಗೆ ಕೊಡಬೇಕು. ಕಟ್ಟು ಹರಿದ ದಿನ ನಿಮ್ಮ ಕಣ್ಣೀರೂ ಹರಿಯುತ್ತದೆ, ಎಡಗಿವಿಯೂ ತೆರೆಯುತ್ತದೆ. ನನ್ನ ಸೊಂಟನೋವು ಹಾಗೆಯೇ ಹೋಯಿತು. ವೈದ್ಯರಿಂದ ಆಗದ್ದು ಕರ್ತನಿಂದ ಆಗುತ್ತದೆ.

ಕುಮಟೆಯ ಉಪದೇಶಿ ಮೇಷ್ಟ್ರು:

ಮೇಲಿನ ಸಹೋದರರ ಸೊಂಟನೋವು ಹೋದದ್ದು ಸಂತೋಷ. ಆದರೆ ಶಾಪದ ಲೆಕ್ಕವನ್ನು ಬೈಬಲಿನ ಪ್ರವಾದಿ ಯೆಜೆಕಿಯೇಲ ತನ್ನ ಗ್ರಂಥದ 18ನೇ ಅಧ್ಯಾಯದಲ್ಲೇ ಚುಕ್ತಾ ಮಾಡಿದ್ದಾನೆ. ಅಪ್ಪ ಹುಳಿ ದ್ರಾಕ್ಷಿ ತಿಂದರೆ ಮಗನ ಹಲ್ಲು ಜುಮ್ಮೆನ್ನುತ್ತದೆ ಎಂಬ ಗಾದೆಯನ್ನು ಇನ್ನು ಮುಂದೆ ಆಡಬೇಡಿ ಎಂದು ದೇವರೇ ಹೇಳುವ ಭಾಗ ಅದು. ಹುಟ್ಟು ಕುರುಡನನ್ನು ತೋರಿಸಿ ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ, ಯೇಸು ಇಬ್ಬರೂ ಅಲ್ಲ ಎಂದರು. 2024ರ ನವೆಂಬರ್‌ನಲ್ಲಿ ಸ್ಪೇನಿನ ಬಿಷಪ್ಪರ ಮಂಡಳಿ ಈ ತಲೆಮಾರುಗಳ ಶಾಪ ಬಿಡಿಸುವ ಪ್ರಾರ್ಥನೆಗಳೇ ಬೇಡ ಎಂದು ಟಿಪ್ಪಣಿ ಹೊರಡಿಸಿದೆ. ಅಪ್ಪನ ಅಪ್ಪ ಹೊಡೆದಿರಬಹುದು, ಅದರಿಂದ ಅಪ್ಪ ಹೊಡೆಯಲು ಕಲಿತಿರಬಹುದು. ಅದು ಕಲಿತ ಚಾಳಿ, ರಕ್ತದಲ್ಲಿ ಇಳಿದ ಶಾಪವಲ್ಲ. ಮೆಕ್ಯಾನಿಕ್ ಅವರೇ, ನೀವು ಅಂಗಳಕ್ಕೆ ಎದ್ದು ಹೋಗುವಾಗ ಆ ಚಾಳಿ ಮುಂದೆ ಹೋಗದೆ ಅಲ್ಲೇ ನಿಲ್ಲುತ್ತಿದೆ.

ಕಣ್ಣೀರಿನ ವಿಷಯ. ಕಥೋಲಿಕ ಧರ್ಮಸಭೆ 1992ರಲ್ಲಿ ಪ್ರಕಟಿಸಿದ ಧರ್ಮೋಪದೇಶದ 2843ನೇ ಕಂಡಿಕೆ ಸರಿಯಾಗಿ ನಿಮ್ಮ ಸಾಲಿನ ಮೇಲೆಯೇ ಇದೆ. ಆದ ನೋವು ಅನ್ನಿಸದಂತೆ ಮಾಡುವುದಾಗಲಿ, ಮರೆಯುವುದಾಗಲಿ ನಮ್ಮ ಕೈಯಲ್ಲಿಲ್ಲ ಎಂದು ಅದು ಸ್ಪಷ್ಟವಾಗಿ ಒಪ್ಪಿಕೊಳ್ಳುತ್ತದೆ. ನಮ್ಮ ಕೈಯಲ್ಲಿರುವುದು ಮನಸ್ಸನ್ನು ಪವಿತ್ರಾತ್ಮರ ಮುಂದೆ ತೆರೆದಿಡುವುದು. ನೋವು ಕರುಣೆಯಾಗಿ ತಿರುಗುವುದು ಅವರ ಕೆಲಸ. ನಿಮಗೆ ಕೈ ಎತ್ತಿಸಿದವರು ಇದನ್ನು ಓದಿದಂತಿಲ್ಲ.

ಲೂಕನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿನ ಮಾತನ್ನೂ ಗಮನಿಸಿ. ಮೊಳೆ ಹೊಡೆದವರ ಕಡೆ ತಿರುಗಿ ‘ನಿಮ್ಮನ್ನು ಕ್ಷಮಿಸಿದ್ದೇನೆ’ ಎಂದು ಯೇಸು ಹೇಳಲಿಲ್ಲ. ‘ಪಿತನೇ, ಇವರನ್ನು ಕ್ಷಮಿಸು’ ಎಂದು ತಂದೆಗೆ ಒಪ್ಪಿಸಿದರು. ನಿಮ್ಮಿಂದ ಆಗದ ದಿನ ಹಾಗೆ ಒಪ್ಪಿಸಬಹುದು. ಪಾಪನಿವೇದನೆಯಲ್ಲಿ ಫಾದರ್ ಹತ್ತಿರ ‘ನನಗೆ ಈ ಸಾಲು ಬರುತ್ತಿಲ್ಲ’ ಎಂದಷ್ಟೇ ಹೇಳಿ, ಸಾಕು.

ಕೊನೆಗೊಂದು ಮಾತು, ನೀವು ಬಂದರಿನವರಾದ್ದರಿಂದ. ಮತ್ತಾಯನ ಸುವಾರ್ತೆಯ ಮೂಲ ಗ್ರೀಕಿನಲ್ಲಿ ಈ ಸಾಲಿನ ‘ಕ್ಷಮಿಸು’ ಎಂಬುದಕ್ಕೂ, ಪೇತ್ರ ಮತ್ತು ಅಂದ್ರೆಯ ಬಲೆಗಳನ್ನು ‘ಬಿಟ್ಟು’ ಹಿಂಬಾಲಿಸಿದರು ಎಂಬಲ್ಲಿನ ‘ಬಿಟ್ಟು’ ಎಂಬುದಕ್ಕೂ ಕ್ರಿಯಾಪದ ಒಂದೇ. ಕೈಯಲ್ಲಿ ಹಿಡಿದದ್ದನ್ನು ಬಿಡುವುದು, ಅಷ್ಟೇ. ಅಳು ಬಂತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಶಿರಸಿಯವಳು:

ಮೇಷ್ಟ್ರೇ, ಬಲೆ ಬಿಟ್ಟ ಪೇತ್ರ ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಮತ್ತೆ ಮೀನು ಹಿಡಿಯಲು ಹೊರಟಿದ್ದಾನೆ. ಒಮ್ಮೆ ಬಿಟ್ಟರೆ ಮುಗಿಯಿತು ಎಂದು ಇವರಿಗೆ ಹೇಳಬೇಡಿ, ದಯವಿಟ್ಟು.

ನಾನು ಸಿಎಸ್‌ಐ ಎಂಬ ಪ್ರೊಟೆಸ್ಟೆಂಟ್ ಸಭೆಯವಳು, ಹುಬ್ಬಳ್ಳಿಯಲ್ಲಿ ಹುಟ್ಟಿ ಶಿರಸಿಗೆ ಮದುವೆಯಾಗಿ ಬಂದವಳು. ನನ್ನ ಮಟ್ಟಿಗೆ ಅದು ತಾಯಿ. ಬೆಲ್ಟು ಇರಲಿಲ್ಲ, ಮಾತಿತ್ತು. ಅವರಿಗೆ ಮರೆವಿನ ಕಾಯಿಲೆ ಬಂದಾಗ ಎಲ್ಲರೂ ನನ್ನ ಮನೆಗೆ ಕರೆತರಲು ಹೇಳಿದರು. ನಾನು ತರಲಿಲ್ಲ. ನೋಡಿಕೊಳ್ಳುವ ಒಂದು ಮನೆಯಲ್ಲಿ ಇರಿಸಿದೆ, ತಿಂಗಳಿಗೆರಡು ಸಲ ಬಸ್ ಹತ್ತಿ ಹೋಗಿ ತಲೆ ಬಾಚಿ ಬರುತ್ತಿದ್ದೆ. ಸಭೆಯಲ್ಲಿ ಹೆಂಗಸರು ನನ್ನ ಪಕ್ಕ ಕೂರುವುದನ್ನು ಬಿಟ್ಟರು. ಆದರೂ ಹೇಳುತ್ತೇನೆ: ದೂರದಲ್ಲಿ ಇದ್ದುದರಿಂದಲೇ ತಲೆಯನ್ನಾದರೂ ಬಾಚಲು ಸಾಧ್ಯವಾಯಿತು. ಆ ಕೈಯನ್ನು ದಿನವೂ ನೀವೇ ತೊಳೆಯಬೇಕು ಎಂದು ಯಾವ ಆಜ್ಞೆಯಲ್ಲೂ ಇಲ್ಲ. ವಾರಕ್ಕೆ ಎರಡು ದಿನಕ್ಕೆ ಒಬ್ಬ ಹುಡುಗನನ್ನು ಗೊತ್ತು ಮಾಡಿ. ಹೋಗಲಿ, ತಂಗಿ ಬಂದಾಗ ಅಳುವುದರ ಜೊತೆಗೆ ಅದನ್ನೂ ಮಾಡಲಿ.

ನನಗೆ ನೆರವಾದದ್ದು ಇಷ್ಟು. ನಿಮ್ಮ ಮತ್ತು ನಮ್ಮ ಪ್ರಾರ್ಥನೆಯಲ್ಲಿ ‘ತಪ್ಪು’ ಎಂದಿರುವ ಕಡೆ ಮತ್ತಾಯನ ಮೂಲದಲ್ಲಿ ಇರುವ ಶಬ್ದದ ಅರ್ಥ ‘ಸಾಲ’. ಸಾಲ ಮನ್ನಾ ಮಾಡಬೇಕಾದರೆ ಅದು ಎಷ್ಟೆಂದು ಮೊದಲು ಪುಸ್ತಕದಲ್ಲಿ ಇರಬೇಕಲ್ಲ? ನನ್ನ ಸಾಲವನ್ನು ಯಾರೂ ಬರೆದೇ ಇರಲಿಲ್ಲ. ಹೆತ್ತ ತಾಯಿ, ಹಾಗೆಲ್ಲ ಅನ್ನಬಾರದು ಎನ್ನುತ್ತಿದ್ದರು. ಒಂದು ನೋಟ್‌ಬುಕ್ ತಂದು ನಾನೇ ಬರೆದೆ. ದಿನಾಂಕ, ಆಡಿದ ಮಾತು, ನಾನು ಆವತ್ತು ಉಟ್ಟಿದ್ದ ಲಂಗದ ಬಣ್ಣ ಕೂಡ. ಬರೆದದ್ದನ್ನು ದೇವರಿಗೆ ಗಟ್ಟಿಯಾಗಿ ಓದಿದೆ. 88ನೇ ಕೀರ್ತನೆ ಓದಿದ್ದೀರಾ? ಹೆಚ್ಚಿನ ಅಳುವ ಕೀರ್ತನೆಗಳು ಕೊನೆಗೆ ಹೇಗೋ ಸ್ತುತಿಗೆ ಬಂದು ನಿಲ್ಲುತ್ತವೆ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆ ಎಂದು ಸೇರಿಸಿದ್ದಾರೆ.

ನನ್ನ ನೋಟ್‌ಬುಕ್ ಇನ್ನೂ ಇದೆ. ಸುಟ್ಟಿದ್ದೇನೆ ಎಂದು ಸುಳ್ಳು ಹೇಳುವುದಿಲ್ಲ.

ಬೈತಖೋಲ ಮೆಕ್ಯಾನಿಕ್:

ಎಲ್ಲರಿಗೂ ಉಪಕಾರವಾಯಿತು. ಸಾಕ್ಷಿಯ ದನಿ ಅವರೇ, ಅಜ್ಜ ಹೊಡೆಯುತ್ತಿದ್ದರೇ ಎಂದು ತಂಗಿಗೆ ಫೋನ್ ಮಾಡಿ ಕೇಳಿದೆ. ಅಜ್ಜ ಯಾರಿಗೂ ಕೈ ಎತ್ತಿದವರಲ್ಲವಂತೆ. ನಿಮ್ಮ ಮೇಲೆ ಬೇಸರವಿಲ್ಲ.

ಸಾಲದ ಮಾತು ನನಗೆ ಸರಿಯಾಗಿ ತಾಗಿತು. ನಮ್ಮ ವ್ಯವಹಾರ ನಡೆಯುವುದೇ ಉದ್ರಿ ಪುಸ್ತಕದ ಮೇಲೆ. ಈಗ ಮಾಡಿದ ಕೆಲಸಕ್ಕೆ ದೋಣಿಯವರು ದುಡ್ಡು ಕೊಡುವುದು ಮೀನು ಬಿದ್ದ ಮೇಲೆ, ಸೆಪ್ಟೆಂಬರ್‌ನಲ್ಲಿ. ಎರಡು ವರ್ಷದ ಹಿಂದೆ ಒಬ್ಬನ ದೋಣಿ ಒಡೆದು ಹೋದಾಗ ಅವನ ಪುಟಕ್ಕೆ ಅಡ್ಡಗೆರೆ ಎಳೆದೆ. ಆವತ್ತು ಹೊಟ್ಟೆ ಉರಿಯಿತು, ಅಳು ಬರಲಿಲ್ಲ, ಗೆರೆ ಮಾತ್ರ ಗೆರೆಯೇ. ಆದರೆ ಅವನ ಪುಟದಲ್ಲಿ ಮೊತ್ತ ಇತ್ತು. ಅಪ್ಪನ ಹೆಸರಿಗೆ ಪುಟವೇ ಇಲ್ಲ. ಹಾಗಾಗಿ ಮೊನ್ನೆ ಪುಸ್ತಕದ ಕೊನೆಯ ಹಾಳೆ ತಿರುಗಿಸಿ ಬರೆದೆ. ಮುಕ್ಕಾಲು ಪುಟ ಬಂತು. ಬಹಳ ಆಗಬಹುದು ಎಂದುಕೊಂಡಿದ್ದೆ. ಇಷ್ಟೇಯೇ ಎಂದು ಸ್ವಲ್ಪ ನಿರಾಸೆಯೇ ಆಯಿತು, ನಗಬೇಡಿ.

ನರ್ಸಮ್ಮ, ತಟ್ಟೆ ತೋರಿಸಿ ದೋಣಿಯೇ ಎಂದು ಕೇಳಿದೆ. ಅಪ್ಪ ನನ್ನನ್ನು ನೋಡಿದ ರೀತಿ ಬರೆಯಲು ಬರುವುದಿಲ್ಲ. ತಲೆ ಅಡ್ಡ ಆಡಿಸಿದರು. ಈ ಮನೆಯಲ್ಲಿ ಹುಚ್ಚು ಹಿಡಿದಿರುವುದು ಯಾರಿಗೆ ಎಂಬಂತೆ ನಕ್ಕರು. ಎಲ್ಲ ಪ್ರಶ್ನೆಗೂ ಸರಿಯಾಗಿ ಹೌದು, ಅಲ್ಲ. ಅವರಿಗೆ ಎಲ್ಲವೂ ತಿಳಿಯುತ್ತದೆ ಎಂದಾಗ ನನಗೆ ಸಮಾಧಾನಕ್ಕಿಂತ ಭಯವೇ ಹೆಚ್ಚಾಯಿತು. ಹತ್ತು ತಿಂಗಳು ನಾವು ಅವರ ಎದುರು ಏನೇನು ಮಾತನಾಡಿದ್ದೇವೋ.

ಹೊನ್ನಾವರ ನರ್ಸಮ್ಮ:

ನಗುವುದು ಉಳಿದಿದ್ದರೆ ದೊಡ್ಡದು. ಉಗುರು ಚಿಕ್ಕದಾಗಿ ಕತ್ತರಿಸು, ಮೂಲೆಯನ್ನು ಉಜ್ಜಿ ಬಿಡು.

ಕುಮಟೆಯ ಉಪದೇಶಿ ಮೇಷ್ಟ್ರು:

ಶಿರಸಿಯ ತಂಗಿಗೆ: ಪೇತ್ರನ ವಿಷಯದಲ್ಲಿ ನೀವು ಹೇಳಿದ್ದು ಸರಿ, ಒಪ್ಪಿಕೊಂಡೆ. ಅದೇ ಅಧ್ಯಾಯದಲ್ಲಿ ದಡದಲ್ಲಿ ಕೆಂಡದ ಮೇಲೆ ಮೀನು ಸುಡುತ್ತಿರುತ್ತದೆ. ಪೇತ್ರ ತಾನು ಯೇಸುವಿನ ಶಿಷ್ಯನಲ್ಲ ಎಂದದ್ದೂ ಕೆಂಡದ ಮುಂದೆಯೇ, 18ನೇ ಅಧ್ಯಾಯದಲ್ಲಿ. ಹಳೆಯ ನೋವಿನ ವಾಸನೆ ಇರುವ ಜಾಗದಲ್ಲೇ ಯೇಸು ಊಟಕ್ಕೆ ಕರೆಯುತ್ತಾರೆ. ಇದನ್ನು ನಾನು ಮಕ್ಕಳಿಗೆ ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ನಿಮ್ಮಂತೆ ಯೋಚಿಸಿರಲಿಲ್ಲ.

ಬೈತಖೋಲ ಮೆಕ್ಯಾನಿಕ್:

ಆಗಸ್ಟ್ 1ಕ್ಕೆ ದೋಣಿಗಳು ಇಳಿದವು. ಶೆಡ್ಡು ಖಾಲಿಯಾಯಿತು. ಸ್ವಲ್ಪ ಬಿಡುವಾದ್ದರಿಂದ ನಡೆದದ್ದನ್ನು ಬರೆಯುತ್ತೇನೆ. ಫಲಿತಾಂಶ ಎಂದು ಯಾರೂ ತಿಳಿಯಬೇಡಿ.

ಶನಿವಾರ ಸಂಜೆ ಅಪ್ಪನಿಗೆ ಕ್ಷೌರ ಮಾಡುತ್ತೇನೆ, ಭಾನುವಾರ ಫಾದರ್ ಮನೆಗೆ ಪರಮಪ್ರಸಾದ ತರುತ್ತಾರೆಂದು. ಕೆನ್ನೆ ಮುಗಿಸಿ, ಕೈ ತೊಳೆಯಲು ಬೋಗುಣಿ ಇಟ್ಟುಕೊಂಡು, ಬೆರಳು ಬಿಡಿಸಿದ ಮೇಲೆ ಅಂಗೈಯನ್ನು ಹಾಗೆಯೇ ಹಿಡಿದುಕೊಂಡು ಹೇಳಿದೆ. ಕೊಂಕಣಿಯಲ್ಲಿ. ಪುಸ್ತಕದ ಮುಕ್ಕಾಲು ಪುಟದಲ್ಲಿ ಒಂದೇ ಸಾಲು, ಬಾವಿಯದ್ದು. ಈ ಕೈಯಿಂದ ಹೊಡೆದಿರಿ, ಈ ಕಿವಿ ಅಂದಿನಿಂದ ಕೇಳಿಸುವುದಿಲ್ಲ, ನಿಮಗೆ ಅದು ಗೊತ್ತೇ ಎಂದು ಕೇಳಿದೆ. ಅಮ್ಮ ಅವರಿಗೆ ಹೇಳಿದ್ದಳೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಕಿವಿನೋವು ಎಂದು ಶಾಲೆಗೆ ಚೀಟಿ ಬರೆದುಕೊಟ್ಟಿದ್ದಳು.

ಅವರು ತಲೆಯನ್ನು ಹೌದು ಎಂದೂ ಆಡಿಸಲಿಲ್ಲ, ಇಲ್ಲ ಎಂದೂ ಆಡಿಸಲಿಲ್ಲ. ಗೋಡೆಯ ಕಡೆ ನೋಡಿದರು. ಆಮೇಲೆ ‘ನಮಾನ್ ಮೊರಿಯೆ’ ಎಂದು ಶುರು ಮಾಡಿದರು. ಮೈಯೆಲ್ಲ ಉರಿದುಹೋಯಿತು. ‘ಪ್ರಾರ್ಥನೆ ಬೇಡ, ಪಾಯ್’ ಎಂದೆ. ಅಲ್ಲಿಗೇ ನಿಲ್ಲಿಸಿದರು. ಅರ್ಧ ಶಬ್ದದಲ್ಲಿ. ನರ್ಸಮ್ಮ, ತಾನಾಗಿ ಓಡುವ ನಾಲಿಗೆ ಹಾಗೆ ನಿಲ್ಲುತ್ತದೆಯೇ? ನೀರು ಆರುವವರೆಗೆ ಇಬ್ಬರೂ ಸುಮ್ಮನೆ ಕೂತಿದ್ದೆವು. ಹೊರಗೆ ಮಳೆ ಇತ್ತು. ಬಟ್ಟೆ ಸುತ್ತಿ ಹಿಡಿಸಿ ಎದ್ದುಬಂದೆ. ತಂಗಿಗೆ ಫೋನ್ ಮಾಡಿ, ಇನ್ನು ಮೇಲೆ ಬಂದಾಗ ಕೈ ತೊಳೆಯುವುದು ನಿನ್ನ ಪಾಲು ಎಂದು ಹೇಳಿದೆ. ಒಪ್ಪಿದಳು. ಶಿರಸಿಯವರಿಗೆ ಇದು ತಿಳಿಯಲಿ.

ಆ ರಾತ್ರಿ ಜಪಸರವನ್ನು ಮಗಳು ನಡೆಸಿದಳು. ಕರೆಂಟು ಹೋಗಿತ್ತು. ಮೇಣದ ಬತ್ತಿ ಹಚ್ಚಿಡುವ ಗಡಿಬಿಡಿಯಲ್ಲಿ ನಾನು ಮಂಚದ ಆಚೆ ಬದಿಗೆ ಕೂತುಬಿಟ್ಟಿದ್ದೆ, ಎಡಗಿವಿ ಅಪ್ಪನ ಕಡೆ. ‘ಆಮ್ಚ್ಯಾ ಬಾಪಾ’ದಲ್ಲಿ ಆ ಸಾಲು ಬಂದಾಗ ಮಗಳ ದನಿ ಒಂದೇ ಕೇಳಿಸಿತು. ಅಪ್ಪನೂ ಬಾಯ್ಮುಚ್ಚಿದರೋ, ಅವರು ಹೇಳಿದ್ದು ನನಗೆ ಕೇಳಿಸಲಿಲ್ಲವೋ. ಮಗಳನ್ನು ಕೇಳಿಲ್ಲ. ಇವತ್ತು ಮೊದಲಿನ ಜಾಗದಲ್ಲೇ ಕೂರುತ್ತೇನೆ.